ಮನೆ ಮಾರಾಟಕ್ಕೆ ಇಡುವ ಮುನ್ನ: ಮೊದಲು ಕಾಗದ, ಆಮೇಲೆ ಒದ್ದೆ ಗೋಡೆ, ಕೊನೆಗೆ ಬಣ್ಣ

ಮನೆ ಮಾರುವುದು ಎಂದು ತೀರ್ಮಾನವಾದ ಕೂಡಲೇ ಬಹಳ ಜನ ಮೊದಲು ಫೋನ್ ಮಾಡುವುದು ಪೇಂಟರ್‌ಗೆ. ಪೇಂಟರ್ ಬರಬೇಕಾದದ್ದು ಮೂರನೆಯವನಾಗಿ. ನೋಡಲು ಬಂದವರು ಗೋಡೆಯ ಬಣ್ಣ ಹಿಡಿಸಲಿಲ್ಲ ಎಂದು ಮನೆ ಬಿಡುವುದು ಅಪರೂಪ. "ಖಾತೆ ಏನೋ ಸರಿಯಿಲ್ವಂತೆ", "ಬಚ್ಚಲ ಹಿಂದಿನ ಗೋಡೆ ಒದ್ದೆ ಇತ್ತು ಕಣ್ರೀ" ಎಂಬ ಮಾತು ಕಾರು ಹತ್ತುವಾಗ ಬಂತೆಂದರೆ ಅವರು ಮತ್ತೆ ಬರುವುದಿಲ್ಲ. ಬಂದರೂ ಬೆಲೆಯಲ್ಲಿ ಐದು ಲಕ್ಷ ಇಳಿಸಲು ಅದನ್ನೇ ನೆಪ ಮಾಡಿಕೊಂಡು ಬರುತ್ತಾರೆ.

ಇಲ್ಲಿ ಹೇಳುವುದು ಬೆಂಗಳೂರಿನ 30×40 ಸೈಟಿನಲ್ಲಿ ಹದಿನೈದು ಇಪ್ಪತ್ತು ವರ್ಷದ ಹಿಂದೆ ಕಟ್ಟಿದ ಮನೆಯನ್ನು ಕಣ್ಣ ಮುಂದಿಟ್ಟುಕೊಂಡು. ಫ್ಲ್ಯಾಟ್ ಆದರೆ ಎಲ್ಲಿ ಬೇರೆ ಎಂಬುದನ್ನು ಅಲ್ಲಲ್ಲಿ ಹೇಳಿದ್ದೇವೆ. ಜಾಹೀರಾತು ಹಾಕುವ ದಿನಕ್ಕಿಂತ ಎರಡೂವರೆಯಿಂದ ಮೂರು ತಿಂಗಳು ಮೊದಲೇ ಕೆಲಸ ಶುರು ಮಾಡಿ. ಅಷ್ಟು ದಿನ ಯಾಕೆ ಬೇಕು ಎನ್ನುವುದು ಒದ್ದೆ ಗೋಡೆಯ ವಿಷಯಕ್ಕೆ ಬಂದಾಗ ಗೊತ್ತಾಗುತ್ತದೆ.

ಕಾಗದಪತ್ರದ ಫೈಲು

ಒಂದು ಫೈಲು ಕೊಂಡು ಈ ಕ್ರಮದಲ್ಲಿ ಜೋಡಿಸಿ: ನಿಮ್ಮ ಹೆಸರಿನ ಕ್ರಯಪತ್ರ, ಅದಕ್ಕೆ ಹಿಂದಿನ ತಾಯಿಪತ್ರಗಳು, ಇ-ಖಾತಾ (ಪಾಲಿಕೆಯ ಆಸ್ತಿ ದಾಖಲೆಯ ಡಿಜಿಟಲ್ ರೂಪ), ಆಸ್ತಿಯ ಮೇಲಿನ ಸಾಲ, ವ್ಯವಹಾರ ತೋರಿಸುವ ಋಣಭಾರ ಪ್ರಮಾಣಪತ್ರ ಅಂದರೆ ಇಸಿ, ಇಲ್ಲಿಯವರೆಗಿನ ಕಂದಾಯದ ರಶೀದಿಗಳು, ಮಂಜೂರಾದ ನಕ್ಷೆ, ಬೆಸ್ಕಾಂ ಮತ್ತು ಜಲಮಂಡಳಿಯ ಇತ್ತೀಚಿನ ಬಿಲ್ಲು. ಪಿತ್ರಾರ್ಜಿತವಾದರೆ ವಂಶವೃಕ್ಷ, ವಿಭಾಗಪತ್ರ ಅಥವಾ ಹಕ್ಕು ಬಿಡುಗಡೆ ಪತ್ರವೂ ಬೇಕು. ಫ್ಲ್ಯಾಟ್ ಆದರೆ ಸ್ವಾಧೀನಾನುಭವ ಪತ್ರ ಅಂದರೆ ಓಸಿ, ಜೊತೆಗೆ ಅಸೋಸಿಯೇಷನ್‌ನಿಂದ ಬಾಕಿ ಇಲ್ಲ ಎಂಬ ಪತ್ರ.

ಇವುಗಳಲ್ಲಿ ಹೆಚ್ಚು ದಿನ ತಿನ್ನುವುದು ಇ-ಖಾತಾ. ಬೆಂಗಳೂರಿನಲ್ಲಿ 2024ರ ಅಕ್ಟೋಬರ್‌ನಿಂದ ಇ-ಖಾತಾ ಇಲ್ಲದೆ ನೋಂದಣಿಯೇ ಆಗುವುದಿಲ್ಲ. ಕೈಯಲ್ಲಿರುವ ಹಳೆಯ ಖಾತಾ ಸರ್ಟಿಫಿಕೇಟ್ ಎಷ್ಟೇ ಚೆನ್ನಾಗಿರಲಿ, ಅದು ಈಗ ಸಾಲದು. ಆನ್‌ಲೈನ್‌ನಲ್ಲಿ ಕರಡು ಇ-ಖಾತಾ ನೋಡಿ, ಮಾಲೀಕರ ಆಧಾರ್, ಕಂದಾಯದ ಅರ್ಜಿ ಸಂಖ್ಯೆ, ನೋಂದಾಯಿತ ಪತ್ರದ ಸಂಖ್ಯೆ, ಇಸಿ, ಮನೆಯ ಫೋಟೊ ಕೊಟ್ಟು ಅಂತಿಮ ಪ್ರತಿ ಪಡೆಯಬೇಕು. ಸಿಕ್ಕಿಹಾಕಿಕೊಳ್ಳುವುದು ಸಾಮಾನ್ಯವಾಗಿ ಎರಡು ಕಡೆ. ಒಂದು, ಹೆಸರು: ಕ್ರಯಪತ್ರದಲ್ಲಿ ಇನಿಷಿಯಲ್ ಮುಂದೆ, ಆಧಾರ್‌ನಲ್ಲಿ ಹಿಂದೆ, ಖಾತೆಯಲ್ಲಿ ಅಪ್ಪನ ಹೆಸರೇ ಬೇರೆ ಕಾಗುಣಿತ. ಇನ್ನೊಂದು, ಅಳತೆ: ಕ್ರಯಪತ್ರದಲ್ಲಿ ಪೂರ್ವ-ಪಶ್ಚಿಮ 30 ಅಡಿ, ಖಾತೆಯಲ್ಲಿ ಉತ್ತರ-ದಕ್ಷಿಣ 30 ಅಡಿ. ಚಕ್ಕುಬಂದಿ, ಅಂದರೆ ಸೈಟಿನ ಗಡಿ ವಿವರ, ತಿರುಗಾಮುರುಗಾ ಆಗಿದ್ದರೆ ಗಿರಾಕಿಯ ವಕೀಲರು ಹಿಡಿಯುವುದು ಖಂಡಿತ. ಅದಕ್ಕೇ ಈ ದಾಖಲೆಗಳನ್ನೆಲ್ಲ ಮೇಜಿನ ಮೇಲೆ ಹರಡಿ ಹೆಸರು, ಸೈಟ್ ನಂಬರು, ಅಳತೆ, ನಾಲ್ಕು ದಿಕ್ಕಿನ ಚಕ್ಕುಬಂದಿ ಒಂದೊಂದನ್ನೇ ಬೆರಳಿಟ್ಟು ಓದಿ. ಪಂಚಾಯಿತಿ ವ್ಯಾಪ್ತಿಯಲ್ಲಿದ್ದರೆ ಇದೇ ಪಾತ್ರ ಇ-ಸ್ವತ್ತು ಎಂಬ ಪಂಚಾಯಿತಿ ಆಸ್ತಿ ದಾಖಲೆಯ ನಮೂನೆಗಳದ್ದು.

ಇಸಿಯನ್ನು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲೇ ತೆಗೆಯಬಹುದು, 2004ರ ಏಪ್ರಿಲ್‌ನಿಂದ ಈಚಿನದು ಅಲ್ಲಿ ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ಉಪನೋಂದಣಿ ಕಚೇರಿಗೇ ಹೋಗಬೇಕು, ಬ್ಯಾಂಕಿನ ವಕೀಲರು ಸಾಮಾನ್ಯವಾಗಿ 30 ವರ್ಷದ್ದು ಕೇಳುವುದರಿಂದ ಹೋಗಲೇಬೇಕಾಗುತ್ತದೆ. ಮನೆ ಸಾಲ ತೀರಿ ವರ್ಷಗಳಾಗಿದ್ದರೂ ಅಡಮಾನ ರದ್ದಾದದ್ದು ಇಸಿಯಲ್ಲಿ ಬಂದಿದೆಯೇ ನೋಡಿ. ಎಷ್ಟೋ ಮನೆಗಳಲ್ಲಿ ಬ್ಯಾಂಕಿನ ನೋ ಡ್ಯೂ ಪತ್ರ ಬೀರುವಿನಲ್ಲಿ ಭದ್ರವಾಗಿರುತ್ತದೆ, ಇಸಿಯಲ್ಲಿ ಮಾತ್ರ ಸಾಲ ಹಾಗೇ ನಿಂತಿರುತ್ತದೆ. ಸಾಲ ಇನ್ನೂ ಇದ್ದರೆ ಬ್ಯಾಂಕಿನಿಂದ ಎರಡು ಪತ್ರ ತರಿಸಿಡಿ: ಇಂದಿಗೆ ಎಷ್ಟು ಕಟ್ಟಿದರೆ ಸಾಲ ಮುಗಿಯುತ್ತದೆ ಎಂಬುದು ಒಂದು, ಅವರ ಬಳಿ ಯಾವ ಯಾವ ಮೂಲಪತ್ರ ಇದೆ ಎಂಬ ಪಟ್ಟಿ ಇನ್ನೊಂದು. ಸಾಲ ಪೂರ್ತಿ ತೀರಿದ 30 ದಿನದೊಳಗೆ ಮೂಲಪತ್ರ ವಾಪಸ್ ಕೊಡಬೇಕು, ತಮ್ಮ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕಿನ ನಿಯಮವಿದೆ, 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ.

ಪಿತ್ರಾರ್ಜಿತ ಮನೆಯಾದರೆ ಅಕ್ಕತಂಗಿಯರ ಸಹಿಯ ಮಾತನ್ನು ಗಿರಾಕಿ ಬರುವ ಮೊದಲೇ ಮುಗಿಸಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳೂ ಸಮಾನ ಹಕ್ಕುದಾರರು. "ಅವರದೇನೂ ತಕರಾರಿಲ್ಲ ಸಾರ್" ಎಂಬ ಬಾಯಿಮಾತಿಗೆ ಯಾವ ವಕೀಲರೂ ಒಪ್ಪುವುದಿಲ್ಲ. ಹೊರದೇಶದಲ್ಲಿರುವ ತಂಗಿಯಿಂದ ಅಧಿಕಾರಪತ್ರ ತರಿಸಲು ತಿಂಗಳುಗಟ್ಟಲೆ ಹಿಡಿಯುವುದೂ ಉಂಟು.

ಫೈಲಿನ ಜೆರಾಕ್ಸ್ ಸೆಟ್ ಮಾಡಿಸುವಾಗ ಒಂದು ಎಚ್ಚರ. ಕ್ರಯಪತ್ರದ ಹಾಳೆಗಳಲ್ಲಿ ನಿಮ್ಮ ಹೆಬ್ಬೆಟ್ಟಿನ ಗುರುತು, ಆಧಾರ್ ಸಂಖ್ಯೆ ಎರಡೂ ಇರಬಹುದು. ನೋಂದಣಿ ಪತ್ರಗಳಿಂದ ಬೆರಳಚ್ಚು ನಕಲು ಮಾಡಿ ಆಧಾರ್ ಆಧಾರಿತ ಪಾವತಿಯಲ್ಲಿ ಹಣ ಎಗರಿಸಿದ ಪ್ರಕರಣಗಳು 2023ರಲ್ಲಿ ಬೆಂಗಳೂರಿನಲ್ಲೇ ಸುದ್ದಿಯಾಗಿದ್ದವು. ಜೆರಾಕ್ಸ್‌ನಲ್ಲಿ ಬೆರಳಚ್ಚಿನ ಮೇಲೂ ಆಧಾರ್‌ನ ಮೊದಲ ಎಂಟು ಅಂಕಿಗಳ ಮೇಲೂ ಕಪ್ಪು ಪಟ್ಟಿ ಹಚ್ಚಿ, ಪ್ರತಿ ಹಾಳೆಗೂ "ಪರಿಶೀಲನೆಗೆ ಮಾತ್ರ" ಎಂದು ಬರೆದು ತಾರೀಕು ಹಾಕಿ, ಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿಬಿಡಿ. ಮೂಲಪತ್ರ ಮನೆಯಿಂದ ಆಚೆ ಹೋಗಕೂಡದು, ಬ್ರೋಕರ್ ಎಷ್ಟೇ ಪರಿಚಯದವರಾಗಿರಲಿ.

ಒದ್ದೆ ಎಲ್ಲಿಂದ ಬರುತ್ತಿದೆ?

ಮನೆ ತೋರಿಸುವವರು ಮಾಡುವ ಅತಿ ದುಬಾರಿ ತಪ್ಪು ಒದ್ದೆ ಗೋಡೆಗೆ ಪುಟ್ಟಿ ಎಳೆದು ಬಣ್ಣ ಹೊಡೆಸುವುದು. ಗೋಡೆಯೊಳಗಿನ ನೀರು ಆವಿಯಾಗಿ ಹೊರಬರುವಾಗ ಬಣ್ಣದ ಪದರವನ್ನು ತಳ್ಳುತ್ತದೆ, ಜೊತೆಗೆ ಇಟ್ಟಿಗೆ ಸಿಮೆಂಟಿನ ಉಪ್ಪನ್ನೂ ಎಳೆದು ತರುತ್ತದೆ. ಕೆಲವೇ ವಾರಗಳಲ್ಲಿ ಬಣ್ಣ ಗುಳ್ಳೆ ಏಳುತ್ತದೆ, ಕೆರೆದರೆ ಬಿಳಿ ಪುಡಿ ಉದುರುತ್ತದೆ. ಅಷ್ಟರಲ್ಲಿ ಗಿರಾಕಿ ಎರಡನೇ ಸಲ ಅತ್ತೆ ಮಾವನನ್ನು ಕರೆದುಕೊಂಡು ಬಂದಿರುತ್ತಾನೆ. ಇದು ಬರೀ ಮಾನದ ಪ್ರಶ್ನೆಯೂ ಅಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಮಿನ ಪ್ರಕಾರ, ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದಂಥ ಮುಖ್ಯ ದೋಷ ತನಗೆ ಗೊತ್ತಿದ್ದರೆ ಮಾರುವವನು ಅದನ್ನು ಹೇಳಲೇಬೇಕು.

ಮೊದಲು ಮೂಲ ಹುಡುಕಿ. ಕಲೆಯ ಜಾಗವೇ ಅರ್ಧ ಕಥೆ ಹೇಳುತ್ತದೆ. ನೆಲದಿಂದ ಎರಡು ಮೂರು ಅಡಿಯವರೆಗೆ ಗೋಡೆ ಉದ್ದಕ್ಕೂ ಒಂದೇ ಸಮ ಇದ್ದರೆ ಅದು ಪಾಯದಿಂದ ಏರುತ್ತಿರುವ ತೇವ. ಒಂದೇ ಜಾಗದಲ್ಲಿ ದುಂಡಗೆ ಇದ್ದು ಬೇಸಿಗೆಯಲ್ಲೂ ಆರದಿದ್ದರೆ ಒಳಗಿನ ಪೈಪು. ಬಚ್ಚಲ ಗೋಡೆಯ ಬೆನ್ನಿಗೆ, ನೆಲಮಟ್ಟದಲ್ಲಿ ಇದ್ದರೆ ಟೈಲ್ಸ್ ಸಂದು ಅಥವಾ ನೆಲದ ನೀರು ಹೊರಹೋಗುವ ನಹಾನಿ ಟ್ರ್ಯಾಪ್‌ನ ಸುತ್ತ. ಸೂರಿನ ಮೂಲೆಯಲ್ಲಿ ಮಳೆಗಾಲಕ್ಕೆ ಮಾತ್ರ ಕಂಡರೆ ತಾರಸಿ. ಸೂರಿನಲ್ಲೇ ಇದ್ದು ಮಳೆಯಿಲ್ಲದಾಗಲೂ ಬಂದರೆ ಮೇಲಿನ ಟ್ಯಾಂಕ್ ತುಂಬಿ ಹರಿಯುವುದನ್ನು ಅನುಮಾನಿಸಿ. ಬಾಲ್ ವಾಲ್ವ್ ಕೆಟ್ಟು ರಾತ್ರಿಯೆಲ್ಲ ತಾರಸಿಗೆ ನೀರು ಹರಿಯುವ ಮನೆಗಳು ಒಂದೆರಡಲ್ಲ, ಐನೂರು ರೂಪಾಯಿ ಒಳಗಿನ ರಿಪೇರಿಯದು.

ಗುಟ್ಟು ಬಿಡದ ಗೋಡೆಗೆ ಒಂದು ಪರೀಕ್ಷೆ ಇದೆ. ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಕಲೆಯ ಮೇಲಿಟ್ಟು ನಾಲ್ಕೂ ಅಂಚಿಗೆ ಟೇಪು ಹಚ್ಚಿ ಒಂದು ದಿನ ಬಿಡಿ. ಹಾಳೆಯ ಒಳಮುಖ, ಅಂದರೆ ಗೋಡೆ ಕಡೆ ಹನಿಗಟ್ಟಿದರೆ ನೀರು ಗೋಡೆಯಿಂದಲೇ ಬರುತ್ತಿದೆ. ಹೊರಮುಖದಲ್ಲಿ ಹನಿಯಿದ್ದರೆ ಕೋಣೆಗೆ ಗಾಳಿ ಸಾಲದು, ಬೀರು ಗೋಡೆಗೆ ಅಂಟಿಕೊಂಡಿದೆ, ಅಷ್ಟೇ. ಬೀರನ್ನು ಅರ್ಧ ಅಡಿ ಮುಂದೆ ಎಳೆದು ಕಿಟಕಿ ತೆರೆದಿಟ್ಟರೆ ಸರಿಹೋಗುತ್ತದೆ.

ಬಚ್ಚಲಿಗೆ: ಟ್ರ್ಯಾಪ್‌ನ ಬಾಯಿಗೆ ಪ್ಲಾಸ್ಟಿಕ್ ಸುತ್ತಿದ ಬಟ್ಟೆ ಬಿಗಿದು, ನೆಲದ ಮೇಲೆ ಒಂದು ಇಂಚು ನೀರು ನಿಲ್ಲಿಸಿ, 24 ಗಂಟೆ ಬಿಟ್ಟು ಕೆಳಮನೆಯ ಸೂರನ್ನೂ ಪಕ್ಕದ ಗೋಡೆಯನ್ನೂ ನೋಡಿ. ತಾರಸಿಗೆ ಇದನ್ನೇ ಎರಡು ಇಂಚು ನೀರಿನಲ್ಲಿ 48 ಗಂಟೆ. ತಾರಸಿಯ ಪೈಪಿನ ಬಾಯಿಗಳಲ್ಲಿ ಹೊಂಗೆ, ಗುಲ್ಮೊಹರ್ ಎಲೆ ಕಟ್ಟಿಕೊಂಡಿರುವುದನ್ನು ಮೊದಲು ಬಿಡಿಸಿ. ನೀರು ಹರಿದುಹೋದ ಮೇಲೂ ಅಲ್ಲಲ್ಲಿ ಕೊಚ್ಚೆಯಂತೆ ನಿಂತರೆ ಆ ಜಾಗಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದಿಡಿ. ಗಾರೆಯವನು ಇಳಿಜಾರು ಸರಿಮಾಡಬೇಕಾದ್ದು ಅಲ್ಲೇ. ಇಡೀ ತಾರಸಿಗೆ ಹೊಸ ಪದರ ಹಾಕಿಸುವಂತೆ ಅವನು ಹೇಳಿದರೂ ಈ ಹಂತದಲ್ಲಿ ಒಪ್ಪಬೇಡಿ.

ಮೂಲ ನಿಂತ ಮೇಲೆ ಗೋಡೆ. ಒದ್ದೆ ಗೆರೆಗಿಂತ ಒಂದು ಅಡಿ ಮೇಲಿನವರೆಗೆ ಗಾರೆ ಕೆತ್ತಿ ಇಟ್ಟಿಗೆ ಕಾಣಿಸಬೇಕು. ತಂತಿ ಬ್ರಷ್‌ನಿಂದ ಉಪ್ಪು ಉಜ್ಜಿ ತೆಗೆದು ಒಂದು ವಾರ ಹಾಗೇ ಗಾಳಿಗೆ ಬಿಡಿ. ಆಮೇಲೆ 1:4ರ (ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳು) ಗಾರೆ, ಅದರಲ್ಲಿ 50 ಕೆ.ಜಿ. ಸಿಮೆಂಟ್ ಮೂಟೆಗೆ ಸಾಮಾನ್ಯವಾಗಿ 200 ಮಿ.ಲೀ. ವಾಟರ್‌ಪ್ರೂಫಿಂಗ್ ದ್ರವ. ಡಬ್ಬಿಯ ಮೇಲಿನ ಅಳತೆ ಬೇರೆಯಿದ್ದರೆ ಅದೇ ಸರಿ, ಹೆಚ್ಚು ಸುರಿದರೆ ಗಾರೆ ಗಟ್ಟಿಯಾಗುವುದಿಲ್ಲ. ಏಳು ದಿನ ನೀರು ಹೊಡೆಯಬೇಕು, ಬಣ್ಣಕ್ಕೆ ಮುನ್ನ ಇನ್ನು ಮೂರು ವಾರ ಆರಬೇಕು. ಮೇಲೆ ಹೇಳಿದ ಎರಡೂವರೆ ತಿಂಗಳಲ್ಲಿ ಅರ್ಧ ಹೋಗುವುದು ಇಲ್ಲಿ.

ಪಾಯದಿಂದ ಏರುವ ತೇವ ಮಾತ್ರ ಹೀಗೆ ಪೂರ್ತಿ ನಿಲ್ಲುವುದಿಲ್ಲ, ಕಡಿಮೆಯಾಗುತ್ತದೆ ಅಷ್ಟೇ. ಅದನ್ನು ಗಿರಾಕಿಗೆ ಹೇಳಿಬಿಡಿ, ಏನು ಮಾಡಿಸಿದ್ದೀರಿ ಎಂಬುದರ ಬಿಲ್ಲನ್ನೂ ತೋರಿಸಿ. ರಿಪೇರಿ ಆದ ಮನೆಯನ್ನು ಮಳೆ ಬರುವಾಗ ತೋರಿಸುವುದಕ್ಕೆ ಹಿಂಜರಿಯಬೇಡಿ. ಆಗಸ್ಟಿನ ಜಡಿಮಳೆಯಲ್ಲಿ ಒಣ ಸೂರು ಕಂಡವರು ಸೋರಿಕೆಯ ಪ್ರಶ್ನೆಯನ್ನೇ ಕೇಳುವುದಿಲ್ಲ.

ಬಿರುಕು ಮತ್ತು ಗೆದ್ದಲು

ಕೂದಲೆಳೆಯಂಥ, ಜೇಡರ ಬಲೆಯಂತೆ ಹರಡಿದ ಬಿರುಕು ಗಾರೆಯದು. ಅದನ್ನು ಪುಟ್ಟಿ ಮುಚ್ಚುತ್ತದೆ. ಕಂಬ ಮತ್ತು ಇಟ್ಟಿಗೆ ಗೋಡೆ ಸೇರುವಲ್ಲಿ ನೆಟ್ಟಗೆ ಇಳಿದ ಬಿರುಕು ಎರಡು ವಸ್ತುಗಳು ಬಿಸಿಲಿಗೆ ಬೇರೆಬೇರೆ ಹಿಗ್ಗುವುದರಿಂದ ಬಂದದ್ದು. ಬರೀ ಪುಟ್ಟಿ ತುಂಬಿದರೆ ಮುಂದಿನ ಬೇಸಿಗೆಗೆ ಅದೇ ಜಾಗದಲ್ಲಿ ಬಿಡುತ್ತದೆ. ಆ ಸಂದಿನಲ್ಲಿ ಅರ್ಧ ಅಡಿ ಅಗಲ ಗಾರೆ ಕೆತ್ತಿ, ಕೋಳಿ ಜಾಲರಿ ಹೊಡೆದು ಮತ್ತೆ ಗಾರೆ ಮಾಡಿಸಬೇಕು. ಕಿಟಕಿಯ ಮೂಲೆಯಿಂದ ಓರೆಯಾಗಿ ಏರುವ, ಒಂದು ರೂಪಾಯಿ ನಾಣ್ಯದ ಅಂಚು ಒಳಗೆ ಹೋಗುವಷ್ಟು ಅಗಲದ ಬಿರುಕಿದ್ದರೆ ಗಾರೆಯವನನ್ನು ಬಿಟ್ಟು ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸಿ ಬರಹದಲ್ಲಿ ಅಭಿಪ್ರಾಯ ಪಡೆಯಿರಿ. ಗಿರಾಕಿಗೆ ಸಾಲ ಕೊಡುವ ಬ್ಯಾಂಕಿನ ಎಂಜಿನಿಯರ್ ಬಂದೇ ಬರುತ್ತಾರೆ, ಅವರು ಕೇಳುವ ಮೊದಲೇ ನಿಮ್ಮ ಕೈಯಲ್ಲಿ ಉತ್ತರ ಇರಲಿ.

ಬಾಗಿಲ ಚೌಕಟ್ಟಿನ ಬುಡವನ್ನು ನಾಣ್ಯದಿಂದ ತಟ್ಟಿ. ಡಬ್ಬದ ಸದ್ದು ಬಂದರೆ ಗೆದ್ದಲು. ನೆಲ ಗೋಡೆ ಸೇರುವ ಅಂಚಿನಲ್ಲಿ ಅಡಿಗೊಂದರಂತೆ 12 ಮಿ.ಮೀ. ತೂತು ಕೊರೆದು ಔಷಧಿ ಬಿಡುವುದು ರೂಢಿ. ಕೆಲಸ ಮಾಡಿದವರು ಕೊಡುವ ಗ್ಯಾರಂಟಿ ಕಾರ್ಡು ಫೈಲಿನಲ್ಲಿ ಸೇರಲಿ.

ಬಣ್ಣ

ಬಿಳಿಗೆ ಹತ್ತಿರದ ಒಂದೇ ತಿಳಿ ಬಣ್ಣ ಇಡೀ ಮನೆಗೆ. ಹಾಲಿನ ಒಂದು ಗೋಡೆಗೆ ಕೆಂಪು, ಮಕ್ಕಳ ಕೋಣೆಗೆ ನೇರಳೆ ಇದ್ದರೆ ಅದನ್ನೂ ಮುಚ್ಚಿಬಿಡಿ. ಅದರ ಮೇಲೆ ಪ್ರೈಮರ್ ಹಾಕದಿದ್ದರೆ ಮೂರು ಕೋಟ್ ಹೊಡೆದರೂ ಕೆಂಪು ಇಣುಕುತ್ತದೆ. ಲೀಟರ್ ಎಮಲ್ಷನ್ ಎರಡು ಕೋಟಿಗೆ ಸುಮಾರು 100 ಚದರಡಿ ಬರುತ್ತದೆ. 10×12ರ ಕೋಣೆ, 10 ಅಡಿ ಎತ್ತರ: ನಾಲ್ಕು ಗೋಡೆ 440 ಚದರಡಿ, ಬಾಗಿಲು ಕಿಟಕಿಗೆ 60 ಕಳೆದರೆ 380, ಅಂದರೆ 4 ಲೀಟರಿನ ಒಂದು ಡಬ್ಬಿ. ಈ ಲೆಕ್ಕ ಮೊದಲೇ ಹಾಕಿಟ್ಟುಕೊಂಡರೆ ಕೋಣೆಗೆ ಎಂಟು ಲೀಟರ್ ಬೇಕು ಎನ್ನುವ ಪೇಂಟರ್ ಜೊತೆ ವಾದಿಸುವುದು ಸುಲಭ. ದುಬಾರಿ ಲಗ್ಜುರಿ ಎಮಲ್ಷನ್ ಬೇಡ, ಕೊಳ್ಳುವವರು ಗೃಹಪ್ರವೇಶಕ್ಕೆ ಮುಂಚೆ ಹೇಗೂ ಹೊಡೆಸುತ್ತಾರೆ. ಹೊರಗೋಡೆಗೆ ದುಡ್ಡು ಸಾಲದಿದ್ದರೆ ರಸ್ತೆಗೆ ಕಾಣುವ ಮುಂಭಾಗ, ಕಾಂಪೌಂಡು, ಗೇಟು ಇವಿಷ್ಟು ಸಾಕು.

ಅಡುಗೆಮನೆಯನ್ನು ಕಿತ್ತು ಹೊಸದಾಗಿ ಮಾಡಿಸುವುದು, ಎಲ್ಲ ಕೋಣೆಗೂ ಫಾಲ್ಸ್ ಸೀಲಿಂಗ್ ಹಾಕಿಸುವುದು ಬೇಡ. ಮೂರು ಲಕ್ಷ ಹಾಕಿದ್ದಕ್ಕೆ ಒಂದು ಲಕ್ಷವೂ ಮರಳುವ ಖಾತ್ರಿಯಿಲ್ಲ, ಗಿರಾಕಿಯ ರುಚಿ ಬೇರೆಯೇ ಇರುತ್ತದೆ. ಹಳೇ ಮನೆಯಲ್ಲಿ ರೆಡ್ ಆಕ್ಸೈಡ್ ನೆಲ ಇದ್ದರೆ ಅದರ ಮೇಲೆ ಟೈಲ್ಸ್ ಕೂರಿಸುವ ಯೋಚನೆಯನ್ನಂತೂ ಬಿಡಿ. ಈಗ ಅದನ್ನೇ ಹುಡುಕಿಕೊಂಡು ಬರುವವರಿದ್ದಾರೆ. ಆಸಿಡ್ ತಾಗಿಸದೆ ಬರೀ ನೀರಿನಲ್ಲಿ ಒರೆಸಿ, ಆರಿದ ಮೇಲೆ ಬಟ್ಟೆಗೆ ಚೂರು ತೆಂಗಿನೆಣ್ಣೆ ಹಚ್ಚಿ ಉಜ್ಜಿ. ತೋರಿಸುವ ದಿನಕ್ಕೆ ಎರಡು ದಿನ ಮುಂಚೆಯೇ ಮಾಡಿ, ಇಲ್ಲದಿದ್ದರೆ ಬಂದವರು ಜಾರಿ ಬೀಳುತ್ತಾರೆ.

ಬಚ್ಚಲು, ನೀರು, ಕರೆಂಟು

ಬೋರ್‌ವೆಲ್ ನೀರಿನ ಮನೆಗಳಲ್ಲಿ ನಲ್ಲಿ, ಟೈಲ್ಸ್ ಮೇಲೆ ಬಿಳಿ ಪದರ ಕಟ್ಟಿರುತ್ತದೆ. ಅದಕ್ಕೆ ಆಸಿಡ್ ಸುರಿದರೆ ಪದರದ ಜೊತೆ ಟೈಲ್ಸ್ ಸಂದಿನ ಸಿಮೆಂಟೂ ಕರಗುತ್ತದೆ, ನಲ್ಲಿಯ ಹೊಳಪೂ ಹೋಗುತ್ತದೆ. ಬ್ಲೀಚಿಂಗ್ ಜೊತೆ ಆಸಿಡ್ ಬೆರೆತರೆ ವಿಷಾನಿಲ ಏಳುತ್ತದೆ, ಎರಡನ್ನೂ ಒಂದೇ ದಿನ ಬಳಸಲೇಬೇಡಿ. ವಿನೆಗರ್‌ನಲ್ಲಿ ನೆನೆಸಿದ ಬಟ್ಟೆಯನ್ನು ನಲ್ಲಿಗೆ ಸುತ್ತಿ ಒಂದು ಗಂಟೆ ಬಿಟ್ಟು ಉಜ್ಜಿದರೆ ಸಾಕು. ಶವರ್ ತಲೆಯನ್ನು ಬಿಚ್ಚಿ ಅದರಲ್ಲೇ ಮುಳುಗಿಸಿಡಿ. ಕಪ್ಪಾದ ಸಂದುಗಳನ್ನು ಕೆರೆದು ಇಪಾಕ್ಸಿ ಗ್ರೌಟ್ ತುಂಬಿಸಿದರೆ ಹತ್ತು ವರ್ಷದ ಬಚ್ಚಲೂ ಹೊಸದರಂತೆ ಕಾಣುತ್ತದೆ. ಇಡೀ ಮನೆಯಲ್ಲಿ ಹಾಕಿದ ದುಡ್ಡಿಗೆ ಇಷ್ಟು ಫಲ ಕೊಡುವ ಕೆಲಸ ಇನ್ನೊಂದಿಲ್ಲ.

ಫ್ಲಶ್ ಟ್ಯಾಂಕ್ ಒಳಗೇ ಸೋರುತ್ತಿದೆಯೇ ತಿಳಿಯಲು ಅದಕ್ಕೆ ನಾಲ್ಕು ಹನಿ ಬಟ್ಟೆಯ ನೀಲಿ ಹಾಕಿ, ಅರ್ಧ ಗಂಟೆ ಯಾರೂ ಬಳಸದಿರಲಿ. ಕಮೋಡಿನಲ್ಲಿ ನೀಲಿ ಕಂಡರೆ ಒಳಗಿನ ರಬ್ಬರ್ ವಾಷರ್ ಬದಲಿಸಿ. ಮನೆ ಖಾಲಿ ಬಿದ್ದಿದ್ದರೆ ನೆಲದ ಟ್ರ್ಯಾಪ್‌ಗಳಲ್ಲಿ ನೀರು ಒಣಗಿ ಚರಂಡಿಯ ವಾಸನೆ, ಜಿರಳೆ ಎರಡೂ ಒಳಬರುತ್ತವೆ. ವಾರಕ್ಕೊಮ್ಮೆ ಪ್ರತಿ ಟ್ರ್ಯಾಪ್‌ಗೂ ಒಂದು ಚೊಂಬು ನೀರು ಸುರಿದು ಮೇಲೆ ಒಂದು ಚಮಚ ಎಣ್ಣೆ ಬಿಡಿ. ಎಣ್ಣೆ ತೇಲುವುದರಿಂದ ನೀರು ಬೇಗ ಆವಿಯಾಗುವುದಿಲ್ಲ.

ಬೆಂಗಳೂರಿನಲ್ಲಿ ಮೊದಲ ಪ್ರಶ್ನೆ ನೀರಿನದ್ದೇ. ಕಾವೇರಿ ವಾರಕ್ಕೆ ಎಷ್ಟು ದಿನ, ಎಷ್ಟು ಹೊತ್ತಿಗೆ ಬರುತ್ತದೆ, ಸಂಪು ಎಷ್ಟು ಲೀಟರಿನದು, ಬೋರ್ ಇದ್ದರೆ ಎಷ್ಟು ಅಡಿ, ಕಳೆದ ಬೇಸಿಗೆಯಲ್ಲಿ ಟ್ಯಾಂಕರ್ ತರಿಸಬೇಕಾಯಿತೇ ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಡಿ. ಸಂಪಿನ ಅಳತೆ ಗೊತ್ತಿಲ್ಲದಿದ್ದರೆ ಉದ್ದ, ಅಗಲ, ಆಳ ಅಡಿಯಲ್ಲಿ ಗುಣಿಸಿ 28ರಿಂದ ಮತ್ತೆ ಗುಣಿಸಿ: 6×5×6 ಅಡಿ ಅಂದರೆ ಸುಮಾರು 5,000 ಲೀಟರ್. ತೋರಿಸುವ ವಾರದಲ್ಲಿ ಸಂಪು ತೊಳೆಸಿ. ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡುವ ಗಿರಾಕಿಯೇ ನಿಜವಾದ ಗಿರಾಕಿ. ಮಳೆಕೊಯ್ಲು ಇದ್ದರೆ ಪೈಪು, ಫಿಲ್ಟರ್ ಸ್ವಚ್ಛ ಮಾಡಿಸಿ ಅದನ್ನೂ ತೋರಿಸಿ.

ಕರೆಂಟಿಗೆ ಬಂದರೆ, ಬೋರ್ಡಿನ ಆರ್‌ಸಿಸಿಬಿಯಲ್ಲಿ, ಅಂದರೆ ಕರೆಂಟು ಸೋರಿದರೆ ಸಂಪರ್ಕ ಕಡಿಯುವ ಸ್ವಿಚ್ಚಿನಲ್ಲಿ, ಟಿ ಎಂದಿರುವ ಗುಂಡಿ ಒತ್ತಿ. ಟಕ್ಕನೆ ಬೀಳದಿದ್ದರೆ ಬದಲಿಸಿ. ಒಡೆದ ಸ್ವಿಚ್ಚು, ಸುಟ್ಟ ಕಲೆಯ ಪ್ಲಗ್ಗು ಕಣ್ಣಿಗೆ ಬಿದ್ದರೆ ಇಡೀ ವೈರಿಂಗ್ ಹಳೆಯದು ಎಂದೇ ತೀರ್ಮಾನವಾಗುತ್ತದೆ. ನಿಧಾನವಾಗಿ ತಿರುಗುವ ಫ್ಯಾನಿಗೆ ಹೊಸ ಕೆಪಾಸಿಟರ್ ಸಾಕು, ಸಾಮಾನ್ಯವಾಗಿ 2.5 ಮೈಕ್ರೊಫ್ಯಾರಡ್‌ನದು. ಹಾಲಿನಲ್ಲಿ ಒಂದು ಬಲ್ಬು ಹಳದಿ, ಪಕ್ಕದ್ದು ನೀಲಿಬಿಳಿ ಇರುವುದು ಬೇಡ. ಎಲ್ಲ ಕಡೆ 4000 ಕೆಲ್ವಿನ್‌ನ ಎಲ್‌ಇಡಿ ಹಾಕಿ.

ಸಾಮಾನು ಮತ್ತು ಫೋಟೊ

ಅಟ್ಟದ ಮೇಲಿನ ಗಂಟು, ಮಂಚದ ಕೆಳಗಿನ ಪೆಟ್ಟಿಗೆ, ಬಾಲ್ಕನಿಯ ಹಳೇ ಸೈಕಲ್ಲು ಮೊದಲು ಹೋಗಲಿ. ಒಂದು ಬೀರು, ಒಂದು ಸೋಫಾ ಕಡಿಮೆಯಾದರೆ ಹಾಲು ದೊಡ್ಡದಾಗಿ ಕಾಣುತ್ತದೆ. ಆದರೆ ಪೂರ್ತಿ ಖಾಲಿ ಮಾಡಬೇಡಿ. ಖಾಲಿ ಕೋಣೆಯಲ್ಲಿ ಡಬಲ್ ಕಾಟ್ ಹಿಡಿಸುತ್ತದೆಯೇ ಎಂಬುದು ಬಂದವರಿಗೆ ಅಂದಾಜಾಗುವುದಿಲ್ಲ, ಗೋಡೆಯ ಸಣ್ಣ ಕಲೆಗಳೂ ಎದ್ದು ಕಾಣುತ್ತವೆ. ಅಡುಗೆಮನೆ ಕಟ್ಟೆಯ ಮೇಲೆ ಒಲೆ, ಮಿಕ್ಸಿ ಬಿಟ್ಟು ಬೇರೇನೂ ಇರದಿರಲಿ.

ಪೂರ್ವ ದಿಕ್ಕಿನ ಮನೆಯ ಮುಂಭಾಗದ ಫೋಟೊ ಬೆಳಗ್ಗೆ, ಪಶ್ಚಿಮದ್ದು ಮಧ್ಯಾಹ್ನದ ಮೇಲೆ. ಕೋಣೆಯ ಮೂಲೆಯಲ್ಲಿ ನಿಂತು, ಫೋನು ಅಡ್ಡ ಹಿಡಿದು, ಎದೆಯ ಎತ್ತರದಲ್ಲಿ ತೆಗೆಯಿರಿ. ಗೋಡೆಯ ಅಂಚು ನೆಟ್ಟಗಿರಲಿ. ಅಗಲದ ಲೆನ್ಸ್ ಬಳಸಿ 10×10ರ ಕೋಣೆಯನ್ನು ಛತ್ರದಂತೆ ತೋರಿಸಿದರೆ ಬಂದವರಿಗೆ ಬಾಗಿಲಲ್ಲೇ ನಿರಾಸೆ. ಬೀರುವಿನ ಬೀಗ, ಮಕ್ಕಳ ಮುಖ, ಗಾಡಿಯ ನಂಬರು ಫೋಟೊದಲ್ಲಿ ಬೇಡ. ಜಾಹೀರಾತಿನಲ್ಲಿ ಸೈಟಿನ ಅಳತೆ, ಕಟ್ಟಡದ ಚದರಡಿ, ದಿಕ್ಕು, ಖಾತೆ ಯಾವುದು, ರಸ್ತೆ ಎಷ್ಟು ಅಡಿ ಎಂಬ ಐದೂ ಇದ್ದರೆ ಅರ್ಧ ಫೋನ್ ಕರೆಗಳು ಉಳಿಯುತ್ತವೆ. ಫ್ಲ್ಯಾಟಿಗೆ ಕಾರ್ಪೆಟ್ ಏರಿಯಾ (ಗೋಡೆಗಳ ಒಳಗಿನ ಬಳಕೆಯ ಜಾಗ), ಸೂಪರ್ ಬಿಲ್ಟಪ್ (ಮೆಟ್ಟಿಲು, ಲಿಫ್ಟಿನಂಥ ಹಂಚಿಕೆಯ ಜಾಗದ ಪಾಲೂ ಸೇರಿದ್ದು) ಎರಡನ್ನೂ ಬೇರೆಬೇರೆ ಬರೆಯಿರಿ.

ಜಾಹೀರಾತು ಹಾಕಿದ ಮೊದಲ ಗಂಟೆಯಲ್ಲೇ, ಮನೆ ನೋಡದೆ "ಟೋಕನ್ ಕಳಿಸ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ" ಎನ್ನುವವರು ಫೋನ್ ಮಾಡಿದರೆ ಇಟ್ಟುಬಿಡಿ. ದುಡ್ಡು ಪಡೆಯಲು ಸ್ಕ್ಯಾನ್ ಮಾಡುವುದೂ ಬೇಕಿಲ್ಲ, ಪಿನ್ ಒತ್ತುವುದೂ ಬೇಕಿಲ್ಲ.

ನೋಡಲು ಬರುವ ದಿನ

ಭಾನುವಾರ ಬೆಳಗ್ಗೆ 10ರಿಂದ 1 ಒಳ್ಳೆಯ ಹೊತ್ತು. ಸಂಜೆ ನಾಲ್ಕೂವರೆಯಿಂದ ಆರು ರಾಹುಕಾಲ. ನಿಮಗೆ ನಂಬಿಕೆ ಇಲ್ಲದಿರಬಹುದು, ಬರುವವರ ಮನೆಯ ಹಿರಿಯರಿಗೆ ಇದ್ದರೆ ಆ ಹೊತ್ತಿನಲ್ಲಿ ನೋಡಿದ ಮನೆಗೆ ಮಾತು ಮುಂದುವರಿಯುವುದು ಕಷ್ಟ. ಶನಿವಾರವಾದರೆ 9ರಿಂದ ಹತ್ತೂವರೆ ಬಿಡಿ. ಆಷಾಢದಲ್ಲಿ, ಪಿತೃಪಕ್ಷದಲ್ಲಿ ನೋಡಲು ಬರುತ್ತಾರೆ, ಅಡ್ವಾನ್ಸ್ ಕೊಡುವುದಿಲ್ಲ. ಆ ದಿನಗಳಲ್ಲಿ ಯಾರೂ ಕೊಳ್ಳುತ್ತಿಲ್ಲ ಎಂದು ಗಾಬರಿಯಾಗಿ ಬೆಲೆ ಇಳಿಸಿದರೆ ಶ್ರಾವಣದಲ್ಲಿ ಕೈ ಕೈ ಹಿಸುಕಿಕೊಳ್ಳಬೇಕಾಗುತ್ತದೆ.

ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ 45 ನಿಮಿಷ ಇರಲಿ. ಬರುವವರ ಹೆಸರು, ಫೋನ್ ನಂಬರು ಮೊದಲೇ ಬರೆದುಕೊಳ್ಳಿ. ಒಡವೆ, ಪಾಸ್‌ಬುಕ್, ಲ್ಯಾಪ್‌ಟಾಪ್ ಬೀಗದೊಳಗೆ ಸೇರಲಿ. ಮನೆಯಲ್ಲಿ ಇಬ್ಬರು ದೊಡ್ಡವರಿರಬೇಕು, ಹೆಂಗಸರು ಒಬ್ಬರೇ ಇರುವಾಗ ಅಪರಿಚಿತರಿಗೆ ಸಮಯ ಕೊಡಬೇಡಿ.

ಬರುವುದಕ್ಕೆ ಒಂದು ಗಂಟೆ ಮುಂಚೆ ಕಿಟಕಿ ತೆರೆಯಿರಿ. ಬೆಳಗಿನ ಒಗ್ಗರಣೆ, ಮೀನು, ಕರಿದ ತಿಂಡಿ ಅಂದು ಬೇಡ. ಹಾಗೆಂದು ಅಗರಬತ್ತಿಯ ಹೊಗೆ ತುಂಬಿಸುವುದೂ ಬೇಡ, ಮುಗ್ಗುಲು ವಾಸನೆ ಮುಚ್ಚಲು ಹಚ್ಚಿದ್ದಾರೆ ಎಂದೇ ಅನ್ನಿಸುತ್ತದೆ. ನಿಮ್ಮ ಕಾರು, ಬೈಕು ಹೊರಗೆ ನಿಲ್ಲಿಸಿ, ಪಾರ್ಕಿಂಗ್ ಜಾಗದ ಅಗಲ ಕಾಣಲಿ. ಬಾಗಿಲ ಮುಂದೆ ರಂಗೋಲಿ ಇರಲಿ, ತುಳಸಿ ಒಣಗಿರದಿರಲಿ. ಮುಂಬಾಗಿಲ ಬೀಗ ಒಂದೇ ಸಲಕ್ಕೆ ತೆರೆಯಬೇಕು, ಕೀಲುಗಳಿಗೆ ಎಣ್ಣೆ ಬಿಟ್ಟಿರಿ. ನಾಯಿ ಇದ್ದರೆ ಆ ಹೊತ್ತಿಗೆ ಪಕ್ಕದ ಬೀದಿಗೆ ಕರೆದೊಯ್ಯಿರಿ.

ಮೊದಲು ಹಾಲು, ಆಮೇಲೆ ಅಡುಗೆಮನೆ, ದೇವರಮನೆ, ಮಲಗುವ ಕೋಣೆಗಳು, ಬಚ್ಚಲು, ತಾರಸಿ, ಕೊನೆಗೆ ಮತ್ತೆ ಹಾಲಿಗೆ ಬಂದು ಕೂರುವಂತೆ ಕರೆದೊಯ್ಯಿರಿ. "ಇದು ಬೆಡ್‌ರೂಮು, ಇದು ಕಿಟಕಿ" ಎಂದು ವಿವರಿಸುವ ಅಗತ್ಯವಿಲ್ಲ. ಕಾಣದ್ದನ್ನು ಹೇಳಿ: ಈ ಕೋಣೆಗೆ ಬೇಸಿಗೆಯಲ್ಲೂ ಗಾಳಿ ಬರುತ್ತದೆ, ಈ ಬಚ್ಚಲ ಪೈಪು ಯಾವ ವರ್ಷ ಬದಲಿಸಿದ್ದು. ಗಂಡಹೆಂಡತಿ ಬಂದಿದ್ದರೆ ಅವರಿಬ್ಬರನ್ನೇ ಹತ್ತು ನಿಮಿಷ ಓಡಾಡಲು ಬಿಡಿ. ನಿಮ್ಮ ಕಿವಿಯ ಮುಂದೆ ಅವರು ಮಾತಾಡಿಕೊಳ್ಳುವುದಿಲ್ಲ. ಒಂದು ಅಳತೆ ಟೇಪು ಮೇಜಿನ ಮೇಲಿಟ್ಟಿರಿ.

ಬಾಡಿಗೆದಾರರಿರುವ ಮನೆಯಾದರೆ ಒಂದು ದಿನ ಮುಂಚೆ ಹೇಳಿ, ವಾರಕ್ಕೆ ಒಂದೇ ದಿನ ನಿಗದಿ ಮಾಡಿಕೊಳ್ಳಿ. ಪದೇ ಪದೇ ಬಾಗಿಲು ತಟ್ಟಿದರೆ ಅವರು ನೋಡಲು ಬಂದವರ ಮುಂದೆ ಮನೆಯ ಕೊರತೆಗಳನ್ನೆಲ್ಲ ಹರವುತ್ತಾರೆ. ಅವರ ಅಡ್ವಾನ್ಸ್ ಹಣ ಯಾರು ವಾಪಸ್ ಕೊಡುತ್ತಾರೆ ಎಂಬುದನ್ನು ಮೊದಲೇ ತಿಳಿಸಿದರೆ ಅವರ ಅರ್ಧ ಕಸಿವಿಸಿ ಇಳಿಯುತ್ತದೆ.

ಮಾತು

ಮಾತಾಡುವವರು ಮನೆಯಲ್ಲಿ ಒಬ್ಬರೇ ಇರಲಿ. ಬೆಲೆಯ ವಿಚಾರದಲ್ಲಂತೂ ಇನ್ನೊಬ್ಬರು ಬಾಯಿ ಹಾಕಕೂಡದು. "ಯಾಕೆ ಸಾರ್ ಮಾರ್ತಿದೀರಿ?" ಎಂದು ಕೇಳಿಯೇ ಕೇಳುತ್ತಾರೆ. ನಿಜವನ್ನೇ ಚಿಕ್ಕದಾಗಿ ಹೇಳಿ: ಮಗಳ ಮನೆ ಹತ್ತಿರ ಹೋಗುತ್ತಿದ್ದೇವೆ, ಮೆಟ್ಟಿಲು ಹತ್ತಲು ಆಗುತ್ತಿಲ್ಲ. ಮುಂದಿನ ತಿಂಗಳು ದುಡ್ಡು ಬೇಕು ಎಂಬುದನ್ನು ಹೇಳಬೇಕಾಗಿಲ್ಲ. "ಲಾಸ್ಟ್ ಎಷ್ಟು ಹೇಳಿ" ಎಂಬ ಪ್ರಶ್ನೆಗೆ ಮೊದಲ ಭೇಟಿಯಲ್ಲಿ ಉತ್ತರ ಬೇಡ. "ಮನೇವ್ರೆಲ್ಲ ನೋಡಿ ಒಪ್ಪಲಿ, ಪೇಪರ್ಸ್ ನಿಮ್ಮ ಲಾಯರ್‌ಗೆ ತೋರಿಸಿ, ಆಮೇಲೆ ಕೂತು ಮಾತಾಡೋಣ" ಎಂದರೆ ಸಾಕು. ಜೆರಾಕ್ಸ್ ಸೆಟ್ ಕೊಡುವುದು ಎರಡನೇ ಭೇಟಿಗೆ.

ಬೆಲೆ ಕಟ್ಟುವಾಗ ಗಿರಾಕಿಯ ಲೆಕ್ಕವೂ ತಲೆಯಲ್ಲಿರಲಿ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ 2ಕ್ಕೆ ಏರಿದೆ. ಮುದ್ರಾಂಕ ಶುಲ್ಕ, ಸೆಸ್, ಸರ್ಚಾರ್ಜ್ ಸೇರಿಸಿದರೆ ಬೆಂಗಳೂರಿನಲ್ಲಿ 45 ಲಕ್ಷ ಮೀರಿದ ಮನೆಗೆ ಸುಮಾರು ಶೇ 7.6. ಕೋಟಿಯ ಮನೆಗೆ ಏಳೂವರೆ ಲಕ್ಷದ ಮೇಲೆ ಅವರ ಕೈಯಿಂದ ಹೋಗುತ್ತದೆ. ಬೆಲೆಯ ಸ್ವಲ್ಪ ಭಾಗವನ್ನು ನಗದಾಗಿ ಕೊಡುತ್ತೇವೆ, ಪತ್ರದಲ್ಲಿ ಕಡಿಮೆ ತೋರಿಸೋಣ ಎಂಬ ಮಾತು ಬಂದರೆ ಒಪ್ಪಬೇಡಿ. ಮನೆ ಮಾರಾಟಕ್ಕೆ 20,000 ರೂಪಾಯಿ ಅಥವಾ ಮೇಲ್ಪಟ್ಟ ನಗದು ಪಡೆದರೆ ಅಷ್ಟೇ ಮೊತ್ತದ ದಂಡ ಬೀಳಬಹುದು, ಅದು ಪಡೆದವರ ಮೇಲೆ. ಬೆಲೆ 50 ಲಕ್ಷ ಅಥವಾ ಹೆಚ್ಚಿದ್ದರೆ ಕೊಳ್ಳುವವರು ಶೇ 1 ಟಿಡಿಎಸ್, ಅಂದರೆ ಮೂಲದಲ್ಲೇ ಕಡಿತವಾಗುವ ತೆರಿಗೆ, ಹಿಡಿಯುತ್ತಾರೆ. ನಿಮ್ಮ ಪ್ಯಾನ್ ಆಧಾರ್‌ಗೆ ಜೋಡಣೆಯಾಗದೆ ನಿಷ್ಕ್ರಿಯವಾಗಿದ್ದರೆ ಅದು ಶೇ 20 ಆಗುತ್ತದೆ. ಮಾಲೀಕರು ಅನಿವಾಸಿ ಭಾರತೀಯರಾದರೆ ಈ ಶೇ 1 ಅನ್ವಯಿಸುವುದಿಲ್ಲ, ಕಡಿತ ಬಹಳ ಹೆಚ್ಚು. ಕಡಿಮೆ ಕಡಿತಕ್ಕೆ ಆದಾಯ ತೆರಿಗೆ ಇಲಾಖೆಯ ಪ್ರಮಾಣಪತ್ರಕ್ಕಾಗಿ ಗಿರಾಕಿ ಸಿಗುವ ಹೊತ್ತಿಗೇ ಲೆಕ್ಕಪರಿಶೋಧಕರ ಜೊತೆ ಮಾತಾಡಿ. ಬ್ರೋಕರ್ ಕಮಿಷನ್ ಬ್ಯಾಂಕ್ ಮೂಲಕ ಕೊಟ್ಟು ರಶೀದಿ ಪಡೆಯಿರಿ, ಬಂಡವಾಳ ಲಾಭದ ಲೆಕ್ಕದಲ್ಲಿ ಅದನ್ನು ಕಳೆಯಬಹುದು.

ಅಡ್ವಾನ್ಸ್ ಸಾಮಾನ್ಯವಾಗಿ ಶೇ 10. ಕರಾರುಪತ್ರದಲ್ಲಿ ಎಷ್ಟು ದಿನದೊಳಗೆ ನೋಂದಣಿ, ಗಿರಾಕಿಯ ಸಾಲ ಮಂಜೂರಾಗದಿದ್ದರೆ ಅಡ್ವಾನ್ಸ್ ಏನಾಗುತ್ತದೆ, ಮನೆಯ ಜೊತೆ ಏನೇನು ಹೋಗುತ್ತದೆ ಎಂಬುದು ಬರಹದಲ್ಲಿರಲಿ. ಗೀಸರ್, ಯುಪಿಎಸ್, ಸೋಲಾರ್, ಮೋಟಾರು, ವಾರ್ಡ್‌ರೋಬ್ ಒಂದೊಂದನ್ನೂ ಹೆಸರಿಸಿ. ನೋಂದಣಿಯ ದಿನ ಗೀಸರ್ ಬಿಚ್ಚಿಕೊಂಡು ಹೋದದ್ದಕ್ಕೆ ಜಗಳವಾಗಿ ಕೋಟಿ ರೂಪಾಯಿ ವ್ಯವಹಾರ ಸಬ್‌ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲ ಮೇಲೆ ನಿಲ್ಲುವುದುಂಟು. ಅಂದು ಬೆಳಗ್ಗೆ ಕರೆಂಟು, ನೀರಿನ ಮೀಟರುಗಳ ಫೋಟೊ ತೆಗೆದು ಬಾಕಿ ಬಿಲ್ಲು ಕಟ್ಟಿ. ಕೀಲಿಕೈ ಕೊಡುವುದು ಹಣ ಖಾತೆಗೆ ಬಿದ್ದದ್ದನ್ನೋ, ಡಿಡಿ ಅಸಲಿ ಎಂದು ಬ್ಯಾಂಕು ಹೇಳಿದ್ದನ್ನೋ ಖಾತ್ರಿ ಮಾಡಿಕೊಂಡ ಮೇಲೆ.